ಯಾವುದಕ್ಕೆ ಅಡ್ಡ?

ಕೈಯಲ್ಲಿರುವುದನ್ನು ಯಾರಾದರೂ ಸುತ್ತಿಗೆ ಅಂದರೆ ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. "ಸುತ್ತಿಗೆ ಇರೋದು ಗೋಡೆಗೆ ಮೊಳೆ ಹೊಡೆಯೋಕೆ. ಇದು ಸಮ್ಮಟಿಗೆ" ಎಂದು ಅಲ್ಲೇ ತಿದ್ದುತ್ತಾಳೆ. ಏಳು ಕಿಲೋ ತೂಕ, ಹಿಡಿಗೆ ಹಳೆಯ ಸೈಕಲ್ ಟ್ಯೂಬಿನ ಸುತ್ತು. ಅದನ್ನು ಎತ್ತುವುದು, ಬಿಡುವುದು, ಇದೇ ಹದಿನಾರು ವರ್ಷದಿಂದ ಅವಳ ಉದ್ಯೋಗ. ಆದರೂ ಊರೆಲ್ಲ ಅವಳನ್ನು ಕರೆಯುವುದು ಸುತ್ತಿಗೆಯಕ್ಕ ಎಂದೇ. ಸಮ್ಮಟಿಗೆಯಕ್ಕ ಅನ್ನಲು ಯಾರ ನಾಲಿಗೆಯೂ ಹೊರಳುವುದಿಲ್ಲ. ನಾನು ಬರೀ ಅಕ್ಕ ಅನ್ನುತ್ತೇನೆ. ಅವಳು ನನ್ನನ್ನು 'ಪೆಟ್ಟಿಗೆ' ಅನ್ನುತ್ತಾಳೆ, ಏಕೆಂದರೆ ದಿನವಿಡೀ ಒಂದು ಪೆಟ್ಟಿಗೆಯ ಮುಂದೆ ಕೂತಿರುವುದು ನನ್ನ ಕೆಲಸ.

ನೆಲವನ್ನು ಅಗೆಯದೆ ಅದರ ಒಳಗೇನಿದೆ ಎಂದು ತಿಳಿಯುವುದು ನಮ್ಮ ಕಚೇರಿಯ ಕಸುಬು. ಒಂದು ದಪ್ಪ ಮರದ ದಿಮ್ಮಿಯನ್ನು ನೆಲದ ಮೇಲಿಟ್ಟು, ಅದು ಜಾರದಂತೆ ವ್ಯಾನಿನ ಮುಂದಿನ ಚಕ್ರಗಳನ್ನು ಅದರ ಮೇಲೆ ಹತ್ತಿಸುತ್ತೇವೆ. ಅಕ್ಕ ದಿಮ್ಮಿಯ ತುದಿಗೆ ಪಕ್ಕದಿಂದ ಹೊಡೆಯುತ್ತಾಳೆ. ದಿಮ್ಮಿ ಯಾವ ದಿಕ್ಕಿಗೆ ಮಲಗಿದೆಯೋ ಆ ದಿಕ್ಕಿಗೇ ನೆಲ ನಡುಗುತ್ತದೆ. ಆ ನಡುಕ ಅಲೆಯಾಗಿ ಕೆಳಗಿಳಿದು, ಗಟ್ಟಿ ಪದರಕ್ಕೆ ತಾಕಿ, ತಿರುಗಿ ಮೇಲೆ ಬರುತ್ತದೆ. ಅದನ್ನು ಕೇಳಿಸಿಕೊಳ್ಳಲು ಇಪ್ಪತ್ತನಾಲ್ಕು ಜಿಯೋಫೋನುಗಳನ್ನು ಸಾಲಾಗಿ ನೆಲಕ್ಕೆ ಚುಚ್ಚಿರುತ್ತೇವೆ. ಒಂದೊಂದೂ ಮುಷ್ಟಿಯಷ್ಟು ದಪ್ಪ, ಅಡಿಯಲ್ಲಿ ಚೂಪಾದ ಮೊಳೆ. ಅವನ್ನೆಲ್ಲ ಪೋಣಿಸಿದ ವೈರು ಕೊಡೆಯ ನೆರಳಿನಲ್ಲಿರುವ ನನ್ನ ಪೆಟ್ಟಿಗೆಗೆ ಬಂದು ಸೇರುತ್ತದೆ. ಅಲೆ ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಪೆಟ್ಟಿಗೆ ಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಹೇಳುತ್ತದೆ.

ಮಣ್ಣಿನೊಳಗೆ ಸೀಳುಗಳಿದ್ದರೆ ಒಂದು ವಿಚಿತ್ರ ನಡೆಯುತ್ತದೆ. ಸೀಳಿನ ಉದ್ದಕ್ಕೂ ನಡುಗಿದ ಅಲೆ ಬೇಗ ಬರುತ್ತದೆ. ಸೀಳಿಗೆ ಎದುರಾಗಿ ನಡುಗಿದ್ದು ತಡವಾಗುತ್ತದೆ. ಆದ್ದರಿಂದ ದಿಮ್ಮಿಯನ್ನು ಎರಡು ದಿಕ್ಕಿಗೂ ಮಲಗಿಸಿ ಹೊಡೆದು, ಯಾವುದು ತಡ ಎಂದು ನೋಡಿದರೆ ಸೀಳು ಯಾವ ಕಡೆಗೆ ಓಡಿದೆ ಎಂದು ತಿಳಿಯುತ್ತದೆ. ದಿಮ್ಮಿ ವೈರಿನ ಗುಂಟ ಮಲಗಿದ್ದರೆ ಅಕ್ಕ 'ಉದ್ದ' ಎಂದು ಕೂಗುತ್ತಾಳೆ. ವೈರಿಗೆ ಅಡ್ಡವಾಗಿ ಮಲಗಿದ್ದರೆ 'ಅಡ್ಡ'. ನಾನು ಪುಸ್ತಕದಲ್ಲಿ 'ಉ' ಅಥವಾ 'ಅ' ಎಂದು ಬರೆದುಕೊಳ್ಳುತ್ತೇನೆ. ಚಪ್ಪಟೆ ನೆಲದಲ್ಲಿ ಹದಿನಾರು ವರ್ಷ ಈ ಎರಡು ಅಕ್ಷರ ನಮಗೆ ಸಾಕಾಗಿತ್ತು.

ಅಕ್ಕ ಈ ಕೆಲಸಕ್ಕೆ ಬಂದದ್ದೇ ಒಂದು ಜಗಳದಿಂದ. ಆಗ ಅವಳು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಹೊಸ ಕಟ್ಟಡಕ್ಕೆಂದು ನಾವು ಹಿತ್ತಲಿನ ನೆಲ ಪರೀಕ್ಷೆ ಮಾಡುತ್ತಿದ್ದೆವು. ನಮ್ಮ ಸಮ್ಮಟಿಗೆಯವನು ಪ್ರತಿ ಏಟಿಗೂ ಒಣಗಹಾಕಿದ್ದ ಬೆಳ್ಳನೆಯ ಹಾಸುಗಳಿಗೆ ಕೆಸರು ಹಾರಿಸುತ್ತಿದ್ದ. ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದವಳೇ, "ಹೊಡೆಯೋಕೆ ಬರದಿದ್ರೆ ಯಾಕಪ್ಪಾ ಹೊಡೀತೀಯ, ಇಲ್ಲಿ ಕೊಡು" ಎಂದು ಕಿತ್ತುಕೊಂಡು ಒಂದು ಬಿಟ್ಟಳು. ಒಂದು ಹನಿ ಕೆಸರು ಹಾರಲಿಲ್ಲ. ನನ್ನ ಪೆಟ್ಟಿಗೆಯ ಪರದೆಯ ಮೇಲೆ ಅಷ್ಟು ಸ್ವಚ್ಛವಾದ ಗೆರೆಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಎಂಜಿನಿಯರ್ ಮೇಡಂ ಅವಳ ಹಿಂದೆ ಹಿಂದೆ ಓಡಾಡಿ, ಮರುವಾರವೇ ನಮ್ಮಲ್ಲಿಗೆ ಕರೆತಂದರು. ಗುಟ್ಟೇನು ಎಂದು ಕೇಳಿದರೆ ಅಕ್ಕ, "ನೀವೆಲ್ಲ ಹೊಡೀತೀರ. ನಾನು ಬಿಡ್ತೀನಿ ಅಷ್ಟೆ" ಅನ್ನುತ್ತಾಳೆ.

ಏಟಿಗೆ ಮುಂಚೆ ಅವಳು ಕೂಗುವ ಒಂದು ಕೂಗಿದೆ: "ಅಲುಗಾಡಬೇಡಿ!" ಯಾರಾದರೂ ಹತ್ತಿರದಲ್ಲಿ ನಡೆದರೂ ಆ ಹೆಜ್ಜೆ ಪೆಟ್ಟಿಗೆಯಲ್ಲಿ ದಾಖಲಾಗುತ್ತದೆ. ಅವಳು ಕೂಗಿದರೆ ದೊಡ್ಡ ದೊಡ್ಡ ಅಧಿಕಾರಿಗಳೂ ಎತ್ತಿದ ಕಾಲನ್ನು ಇಳಿಸದೆ ನಿಂತದ್ದನ್ನು ನೋಡಿದ್ದೇನೆ.

ಮನೆಯಲ್ಲಿ ಮಾತ್ರ ದನಿ ಏರಿಸಿದವಳಲ್ಲ. ಗಂಡ ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಕಡ್ಡಿಯಂಥ ಆಳು, ದಪ್ಪ ಕನ್ನಡಕ. ಅವರ ಮದುವೆಯಾದ ವರ್ಷವೇ ಅತ್ತೆ ತೀರಿಕೊಂಡು, ಐದು ವರ್ಷದ ನಾದಿನಿ ಅಕ್ಕನ ಮಡಿಲಿಗೆ ಬಂದಳು. ಅಕ್ಕನಿಗೆ ಮಕ್ಕಳಾಗಲಿಲ್ಲ. ತಲೆ ಬಾಚಿ, ಓದಿಸಿ, ಮದುವೆ ಮಾಡಿಕೊಟ್ಟ ಆ ನಾದಿನಿಯೇ ಅವಳ ಮಗಳು. ಬಾಯಲ್ಲಿ ಅತ್ತಿಗೆ ಅಂದರೂ ಆ ಹುಡುಗಿಗೂ ಇವಳೇ ತಾಯಿ. ಇಷ್ಟನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಎಷ್ಟು ದೊಡ್ಡದು ಎಂದು ಗೊತ್ತಾಗುವುದಿಲ್ಲ. ಆ ನಾದಿನಿಯ ಮನೆ ಗುಡ್ಡದ ಬುಡದಲ್ಲಿದ್ದ ಓಣಿಯಲ್ಲಿತ್ತು.

ಓಣಿಯಲ್ಲಿ ಹನ್ನೊಂದು ಮನೆ. ಹಿಂದುಗಡೆ ನೇರ ಏರುವ ಜೇಡಿಮಣ್ಣಿನ ಗುಡ್ಡ, ಮೇಲೆ ಹಸಿರು ಹುಲ್ಲು. ಎರಡು ವಾರ ಮಳೆ ಹಿಡಿದ ಮೇಲೆ ಒಂದು ಮನೆಯ ಹಿಂಗೋಡೆ ಬಿರಿಯಿತು. ಹನ್ನೊಂದೂ ಸಂಸಾರಗಳನ್ನು ಎಬ್ಬಿಸಿ ಹತ್ತಿರದ ಶಾಲೆಯ ಸಭಾಂಗಣಕ್ಕೆ ಹಾಕಿದರು. ಎರಡೇ ಕಕ್ಕಸು, ತಣ್ಣಗೆ ಕೊರೆಯುವ ನೆಲ. ನಾದಿನಿಗೆ ಆಗ ತುಂಬಿದ ಎಂಟು ತಿಂಗಳು. ಮೂರು ದಿನಕ್ಕೇ ಅವಳ ಕಾಲು ಊದಿಕೊಂಡಿತ್ತು. ಮನೆಗೆ ಹೋಗಬಹುದೋ ಇಲ್ಲವೋ ಹೇಳಿ ಎಂದು ನಮ್ಮನ್ನು ಕರೆಸಿದರು.

ಮೇಲೆ ನೋಡಿದರೆ ಗುಡ್ಡದಲ್ಲಿ ಏನೂ ಕಾಣುತ್ತಿರಲಿಲ್ಲ. ಜೇಡಿಮಣ್ಣಿನ ಬುದ್ಧಿಯೇ ಅದು. ನೆನೆದರೆ ಮೇಲುಗಡೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ಒಳಗೆ ಸೀಳು ಹಾಗೇ ಇರುತ್ತದೆ. ಅಗೆದು ನೋಡೋಣ ಅಂದರೆ ಅಗೆದ ಗುಂಡಿಯಿಂದಲೇ ಇನ್ನಷ್ಟು ನೀರು ಇಳಿದೀತು. ಮೇಡಂ ಸಂಬಂಧಪಟ್ಟ ಅಧಿಕಾರಿಗೆ ಬಿಡಿಸಿ ಹೇಳಿದರು. ಸೀಳುಗಳು ಮೇಲಿಂದ ಕೆಳಕ್ಕೆ, ಮನೆಗಳ ಕಡೆಗೆ ಓಡಿದ್ದರೆ ನೀರು ಅವುಗಳಲ್ಲಿ ಹರಿದು ಹೋಗುತ್ತದೆ, ಗುಡ್ಡ ನಿಲ್ಲುತ್ತದೆ. ಸೀಳುಗಳು ಓಣಿಗೆ ಸಮನಾಗಿ, ಗುಡ್ಡದ ಮೈಗೆ ಅಡ್ಡಲಾಗಿ ಓಡಿದ್ದರೆ ನೀರು ಅದರೊಳಗೆ ತುಂಬಿ ಮುಂದಿನ ಮಣ್ಣನ್ನು ನೂಕುತ್ತದೆ. ಕೊಯ್ದಿಟ್ಟ ಬ್ರೆಡ್ಡಿನ ಹೋಳು ಕಳಚಿಕೊಂಡ ಹಾಗೆ ಗುಡ್ಡದ ಒಂದು ಹೋಳು ಮನೆಗಳ ಮೇಲೆ ಬರುತ್ತದೆ. ಹನ್ನೊಂದು ಮನೆಯವರ ಜೀವ ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು: ಸೀಳು ಆ ಕಡೆಗೋ, ಈ ಕಡೆಗೋ?

ಬೆಳಿಗ್ಗೆ ಗುಡ್ಡದ ನೆತ್ತಿಯಿಂದ ಕೆಳಕ್ಕೆ ವೈರು ಎಳೆದೆವು. ಇಳಿಜಾರಿನಲ್ಲಿ ಕೆಲಸ ಮಾಡಿ ನಮಗೆ ಅಭ್ಯಾಸವಿರಲಿಲ್ಲ. ಗೊಂದಲವಾಗದಿರಲಿ ಎಂದು ನಾನು ಪುಸ್ತಕದ ಪುಟದ ತಲೆಯ ಮೇಲೆ ದಪ್ಪಕ್ಷರದಲ್ಲಿ ಬರೆದೆ: 'ಉ ಅಂದರೆ ಮೇಲಿಂದ ಕೆಳಕ್ಕೆ. ಅ ಅಂದರೆ ಇಳಿಜಾರಿಗೆ ಅಡ್ಡ.' ನನ್ನ ಅಚ್ಚುಕಟ್ಟಿಗೆ ನಾನೇ ಮೆಚ್ಚಿಕೊಂಡೆ. ನಾಲ್ಕು ಏಟು ಬೀಳುವಷ್ಟರಲ್ಲಿ ಗುಡ್ಡದ ಪಕ್ಕದ ನೀರಿನ ಟ್ಯಾಂಕಿನ ಪಂಪು ಶುರುವಾಗಿ, ಪರದೆಯ ತುಂಬ ಅದರದೇ ಗಡಗಡ. ಪಂಪು ನಿಲ್ಲಿಸಲು ಒಂದು ಗಂಟೆ ಹಿಡಿಯಿತು. ಅಷ್ಟರಲ್ಲಿ ನೆತ್ತಿಯ ಮಣ್ಣು ವ್ಯಾನಿನ ಭಾರಕ್ಕೆ ಜಾರತೊಡಗಿತ್ತು. ಮಾಡಿದ್ದನ್ನೆಲ್ಲ ಬಿಟ್ಟು, ಗುಡ್ಡದ ನಡುಭಾಗದಲ್ಲಿ ಹಾದುಹೋಗುವ ಮಣ್ಣಿನ ದಾರಿಗೆ ಇಳಿದೆವು. ದಾರಿಯ ಗುಂಟ, ಅಂದರೆ ಓಣಿಗೆ ಸಮನಾಗಿ, ಹೊಸದಾಗಿ ವೈರು ಎಳೆದೆವು. ನಾನು ಅದೇ ಪುಟದಲ್ಲಿ ಮುಂದುವರಿಸಿದೆ.

ಅಕ್ಕ "ಉದ್ದ" ಎಂದು ಕೂಗಿದಳು, ನಾನು ಉ ಬರೆದೆ. "ಅಡ್ಡ" ಎಂದು ಕೂಗಿದಳು, ಅ ಬರೆದೆ. ಒಂದೊಂದು ದಿಕ್ಕಿಗೆ ಹದಿನಾರು ಏಟು. ಮಧ್ಯಾಹ್ನದ ಹೊತ್ತಿಗೆ ಎಲ್ಲವನ್ನೂ ಸಭಾಂಗಣದ ಮೂಲೆಯಲ್ಲಿ ಮೇಜು ಹಾಕಿಕೊಂಡಿದ್ದ ಮೇಡಂಗೆ ತಲುಪಿಸಿದೆ. ಎರಡೂವರೆಗೆ ಅವರು ಫಲಿತಾಂಶ ಕೊಟ್ಟರು. ಅಡ್ಡ ಏಟಿನ ಅಲೆಗಳು ತಡವಾಗಿ ಬಂದಿವೆ, ಹಾಗಾಗಿ ಸೀಳುಗಳು ಮೇಲಿಂದ ಕೆಳಕ್ಕಿವೆ. ಗುಡ್ಡ ನಿಲ್ಲುತ್ತದೆ. ನಾಲ್ಕು ಗಂಟೆಯಿಂದ ಮನೆಗೆ ಹೋಗಬಹುದು ಎಂದು ಅಧಿಕಾರಿ ಮೈಕಿನಲ್ಲಿ ಸಾರಿದರು. ಸಭಾಂಗಣದಲ್ಲಿ ಶಿಳ್ಳೆಗಳು ಬಿದ್ದವು.

ಮೂರೂವರೆಗೆಲ್ಲ ಓಣಿಯ ಬಾಯಿಗೆ ಕೈಗಾಡಿಗಳು ಬಂದು ನಿಂತವು. ಹಾಸಿಗೆ ಸುರುಳಿ, ಸ್ಟವ್, ಬಕೆಟ್, ಒಂದು ಟಿವಿ. ನಾನು ವೈರು ಸುತ್ತುತ್ತಿದ್ದೆ. ಅಕ್ಕ ನಾದಿನಿಯ ಗಂಟನ್ನು ಗಾಡಿಗೆ ಏರಿಸಿ ಕೊಡುತ್ತಿದ್ದಳು. "ನೀವು ಬಡಿದು ಬಡಿದು ಗುಡ್ಡಕ್ಕೇ ಬುದ್ಧಿ ಕಲಿಸಿದ್ರಂತೆ ಅತ್ತಿಗೆ" ಎಂದು ನಾದಿನಿ ನಗುತ್ತಿದ್ದಳು. ಅಲ್ಲೇ ಗೋಡೆಗೆ ಮೇಡಂ ಬರೆದ ಚಿತ್ರ ಅಂಟಿಸಿದ್ದರು. ಗುಡ್ಡ, ಅದರ ಮೇಲೆ ಮೇಲಿಂದ ಕೆಳಕ್ಕೆ ಗೆರೆಗಳು, ಕೆಳಗೆ ಒಂದು ಸಾಲು ವಿವರಣೆ. ಅಕ್ಕ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು. ಅದರ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ನನ್ನ ಹತ್ತಿರ ಬಂದಳು.

"ಪೆಟ್ಟಿಗೆ, ಅಲ್ಲಿ ಇಳಿಜಾರಿಗೆ ಅಡ್ಡ ಹೊಡೆದಾಗ ತಡ ಅಂತ ಬರೆದಿದಾರೆ."

"ಹೌದು. ನೀನೇ ಕೂಗಿದ್ದಲ್ಲ ಅಡ್ಡ ಅಂತ."

"ನಾನು ಕೂಗಿದ್ದು ಅಡ್ಡ ಅಂತ ನಿಜ. ಯಾವುದಕ್ಕೆ ಅಡ್ಡ?"

"ಇದೇನು ತಲೆಹರಟೆ ಅಕ್ಕ? ಅಡ್ಡ ಅಂದ್ರೆ ಅಡ್ಡ."

"ನನ್ನ ಅಡ್ಡ ಯಾವತ್ತೂ ವೈರಿಗೆ ಅಡ್ಡ. ಬೆಳಿಗ್ಗೆ ವೈರು ಮೇಲಿಂದ ಕೆಳಕ್ಕಿತ್ತು. ಆಮೇಲೆ ಎಲ್ಲಿತ್ತು?"

ನಡುದಾರಿಯಲ್ಲಿ ಹೊಡೆದ ಏಟುಗಳಲ್ಲಿ ವೈರಿಗೆ ಅಡ್ಡ ಮಲಗಿದ ದಿಮ್ಮಿ ಮನೆಗಳ ಕಡೆಗೆ ಮುಖ ಮಾಡಿತ್ತು. ವೈರು ತಿರುಗಿದಾಗ ಅವಳ ಪದವೂ ತಿರುಗಿತ್ತು. ಪುಟದ ತಲೆಯ ಮೇಲೆ ನಾನು ಬರೆದ ದಪ್ಪಕ್ಷರ ಮಾತ್ರ ಕದಲದೆ ಕೂತಿತ್ತು. ಹಾಗಾದರೆ ತಡವಾದದ್ದು ಮನೆಗಳ ಕಡೆಗೆ ನಡುಗಿದ ಅಲೆ. ಹಾಗಾದರೆ ಸೀಳುಗಳಿರುವುದು ಮನೆಗಳಿಗೆ ಸಮನಾಗಿ.

ಇದೆಲ್ಲ ನನಗೆ ಒಂದು ಉಸಿರಿನೊಳಗೆ ಗೊತ್ತಾಯಿತು. ಗೊತ್ತಾದ ಮೇಲೆ ನಾನು ಏನು ಮಾಡಿದೆ? ಸಿಟ್ಟು ಮಾಡಿದೆ. ನಾನು ಸ್ವಲ್ಪ ಮುಂಗೋಪಿ. ತಪ್ಪು ನನ್ನದೇ ಆದಾಗಂತೂ ಹಿಡಿಯುವವರಿಲ್ಲ. "ಹೊಡೆಯೋದು ನಿನ್ನ ಕೆಲಸ, ಬರೆಯೋದು ನನ್ನ ಕೆಲಸ. ಮೇಡಂ ನೋಡಿ ಒಪ್ಪಿದಾರೆ. ನಿನ್ನ ಪಾಡಿಗೆ ನೀನಿರು" ಅಂದೆ.

"ಪುಸ್ತಕ ತೆಗಿ."

"ತೆಗೆಯಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಬೈಯಲಿಲ್ಲ. ವ್ಯಾನಿನ ಹಿಂದೆ ಹೋಗಿ, ಇಬ್ಬರು ಹೊರುವ ದಿಮ್ಮಿಯನ್ನು ಒಬ್ಬಳೇ ಒಂದು ತುದಿ ಹಿಡಿದು ದರದರನೆ ಎಳೆದುಕೊಂಡು ಹೋದಳು. ಓಣಿಯ ಬಾಯಿಗೆ ಅದನ್ನು ಈ ಗೋಡೆಯಿಂದ ಆ ಗೋಡೆಗೆ ಹಾಕಿ, ಅದರ ಮೇಲೆ ಕೂತುಬಿಟ್ಟಳು.

ಮೊದಲ ಗಾಡಿಯವನು ತಮಾಷೆ ಅಂದುಕೊಂಡ. ಎರಡನೆಯವನು ಕೂಗಾಡಿದ. ಐದು ನಿಮಿಷದಲ್ಲಿ ನಲವತ್ತು ಜನ ಸೇರಿದರು. ಅಧಿಕಾರಿ ಓಡಿ ಬಂದರು.

"ಯಾರಮ್ಮ ನೀನು? ಎಂಜಿನಿಯರಾ?"

"ಅಲ್ಲ. ಹೊಡೆಯೋಳು."

ಜನ ಗೊಳ್ಳೆಂದು ನಕ್ಕರು. ಆ ನಗೆಯಲ್ಲಿ ಸಿಟ್ಟೇ ಹೆಚ್ಚಿತ್ತು. ನಾದಿನಿ ಸೊಂಟಕ್ಕೆ ಕೈ ಕೊಟ್ಟುಕೊಂಡು ಗಾಡಿಯ ಹಿಂದಿನಿಂದ ಮುಂದೆ ಬಂದಳು. "ಅತ್ತಿಗೆ, ಇದೇನಿದು ಆಟ? ನನಗೆ ನಿಲ್ಲೋಕೂ ಆಗ್ತಿಲ್ಲ. ಎದ್ದೇಳಿ."

"ಸ್ವಲ್ಪ ತಡ್ಕೋ ಮಗಾ."

"ಯಾಕೆ ತಡ್ಕೋಬೇಕು? ಕಾರಣ ಹೇಳಿ."

ಅಕ್ಕ ಆಗ ತಲೆಯೆತ್ತಿ, ಜನರ ತಲೆಗಳ ಮೇಲಿಂದ ನನ್ನನ್ನು ನೋಡಿದಳು. ಹೇಳುವ ಅವಕಾಶವನ್ನು ನನಗೆ ಬಿಟ್ಟಳು. 'ಇವನು ತಪ್ಪು ಬರೆದಿದಾನೆ' ಎಂಬ ಮೂರು ಪದ ಅವಳ ಬಾಯಲ್ಲೇ ಇತ್ತು, ಅವಳು ಆಡಲಿಲ್ಲ. ನಾನು ನನ್ನ ಬೂಟಿಗೆ ಅಂಟಿದ್ದ ಜೇಡಿಯನ್ನು ನೋಡುತ್ತ ನಿಂತೆ. ಆ ಹೊತ್ತು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

"ನನಗೊಂದು ಅನುಮಾನ ಇದೆ" ಎಂದಳು ಅಕ್ಕ.

"ನಿಮ್ಮ ಅನುಮಾನಕ್ಕೆ ನಾನು ಆ ತಣ್ಣನೆ ನೆಲದ ಮೇಲೆ ಹೆರಬೇಕಾ?" ಎಂದು ನಾದಿನಿ ಕಿರುಚಿದಳು. ಯಾರೋ ಒಬ್ಬ ದಿಮ್ಮಿಯ ತುದಿಗೆ ಕೈ ಹಾಕಿ ಎತ್ತಲು ನೋಡಿದ. ಅಕ್ಕ ಕೂತೇ ಇದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

ಗಲಾಟೆ ಕೇಳಿ ಮೇಡಂ ಬಂದರು. ಇನ್ನು ತಡೆದರೆ ಅವಳನ್ನು ಎತ್ತಿ ಪಕ್ಕಕ್ಕೆ ಹಾಕುತ್ತಾರೆ, ಗಾಡಿಗಳು ಒಳಗೆ ಹೋಗುತ್ತವೆ. ನಾನು ಮೇಡಂ ಪಕ್ಕಕ್ಕೆ ಹೋಗಿ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದೆ: "ಮೇಡಂ, ಇನ್ನೊಂದ್ಸಲ ಹೊಡೆದು ನೋಡೋಣ. ಪುಸ್ತಕದಲ್ಲಿ ದಿಕ್ಕಿನ ಬಗ್ಗೆ ಒಂದು ವ್ಯತ್ಯಾಸ ಕಾಣ್ತು." ಕಾಣ್ತು ಅಂದೆ. ಯಾರಿಗೆ ಕಾಣಿಸಿತು ಎಂದು ಹೇಳಲಿಲ್ಲ. ಮೇಡಂ ಮುಖ ಬಿಗಿಯಾಯಿತು. ಆಕಾಶ ನೋಡಿದರು, ಗಡಿಯಾರ ನೋಡಿದರು. "ಐದೂವರೆ ತನಕ ಯಾರೂ ಒಳಗೆ ಹೋಗೋ ಹಾಗಿಲ್ಲ" ಎಂದು ಅಧಿಕಾರಿಗೆ ಹೇಳಿದರು.

ದಿಮ್ಮಿಯನ್ನು ಅಕ್ಕ ಮತ್ತು ನಾನು ಹೊತ್ತು ವ್ಯಾನಿಗೆ ಹಾಕಿದೆವು. ಗುಡ್ಡದ ನಡುದಾರಿಯಲ್ಲಿ ಇಪ್ಪತ್ತನಾಲ್ಕು ಜಿಯೋಫೋನುಗಳನ್ನು ಮತ್ತೆ ಚುಚ್ಚಬೇಕು. ಮೋಡ ಕವಿಯುತ್ತಿತ್ತು. ಅವಸರದಲ್ಲಿ ನಾನು ಚುಚ್ಚಿದ ಒಂದು ಮೊಳೆ ಸೊಟ್ಟಗೆ ಇಳಿಯಿತು. ಅಕ್ಕ ಬಂದು ಕಿತ್ತು ನೆಟ್ಟಗೆ ನೆಟ್ಟಳು. ಈ ಸಲ ಉದ್ದವೂ ಬೇಡ, ಅಡ್ಡವೂ ಬೇಡ ಎಂದು ಮೇಡಂ ಹೇಳಿದರು. ದಿಮ್ಮಿ ಮನೆಗಳ ಕಡೆಗಿದ್ದರೆ 'ಮನೆ', ನೀರಿನ ಟ್ಯಾಂಕಿನ ಕಡೆಗಿದ್ದರೆ 'ಟ್ಯಾಂಕು' ಎಂದು ಕೂಗಬೇಕು. ಬರೆಯುವ ಪುಸ್ತಕವನ್ನು ಅವರೇ ಹಿಡಿದರು.

ಕೆಳಗೆ ಜನರ ಗದ್ದಲ ನಿಂತಿರಲಿಲ್ಲ. ಗಾಡಿಯ ಒಂದು ಚಕ್ರ ಹೊರಳಿದರೂ ನನ್ನ ಪರದೆ ಕೆಡುತ್ತಿತ್ತು. ಮೊದಲ ಎರಡು ಏಟು ಹಾಗೇ ಹಾಳಾದವು. ಅಕ್ಕ ಸಮ್ಮಟಿಗೆ ಕೆಳಗಿಟ್ಟು, ದಾರಿಯ ಅಂಚಿಗೆ ಹೋಗಿ ನಿಂತಳು.

"ಅಲುಗಾಡಬೇಡಿ!"

ನಲವತ್ತು ಮುಖ ಮೇಲೆ ತಿರುಗಿದವು. ಬೈಯುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ತಲೆಯ ಮೇಲೆ ಹಾಸಿಗೆ ಹೊತ್ತವನು ಹೊತ್ತಂತೆಯೇ ನಿಂತ. ನಾದಿನಿ ಗಾಡಿಯ ಹಿಡಿಗೆ ಒರಗಿಕೊಂಡು, ಕಣ್ಣು ಮುಚ್ಚಿ ನಿಂತಿದ್ದಳು. ಬೇಕೆಂದೇ ಒಂದು ಕಾಲು ಕುಟ್ಟಿದ್ದರೆ ಸಾಕಿತ್ತು, ಅವಳು ಕುಟ್ಟಲಿಲ್ಲ.

"ಟ್ಯಾಂಕು!" ಏಟು ಬಿತ್ತು. ಪರದೆಯ ಮೇಲೆ ಗೆರೆ ಎದ್ದಿತು. ನೂರು. ಸೆಕೆಂಡಿನ ಸಾವಿರ ಪಾಲಿನಲ್ಲಿ ನೂರು ಪಾಲು. ಮತ್ತೆ ನೂರು. ನೂರಾ ಒಂದು. ಮತ್ತೆ ನೂರು.

ದಿಮ್ಮಿ ತಿರುಗಿಸಿದೆವು. ಆ ದಿಕ್ಕಿನ ನಡುಕವನ್ನೇ ಹಿಡಿಯಲೆಂದು ಜಿಯೋಫೋನುಗಳನ್ನೂ ತಿರುಗಿಸಿದೆವು. ದೂರದಲ್ಲಿ ಗುಡುಗು ಶುರುವಾಗಿತ್ತು. ಎರಡು ಗುಡುಗಿನ ನಡುವೆ ಏಟು ಬೀಳಬೇಕು. ಅಕ್ಕ ಸಮ್ಮಟಿಗೆ ಎತ್ತಿ ಹಿಡಿದು ಕಾದಳು. ಐವತ್ತೆರಡರ ಹೆಂಗಸು, ಏಳು ಕಿಲೋ, ಕಾಲ ಕೆಳಗೆ ಜಾರುವ ಜೇಡಿ. ನೂರು ಬರಲಿ, ನೂರೇ ಬರಲಿ, ಇದೂ ನೂರೇ ಬಂದರೆ ಸೀಳೇ ಇಲ್ಲ, ಯಾರದೂ ತಪ್ಪಿಲ್ಲ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

"ಮನೆ!"

ನೂರಾ ಹದಿಮೂರು.

ಮೇಡಂ ಬರೆದುಕೊಂಡರು. ಮತ್ತೆ ನೂರಾ ಹದಿಮೂರು. ನೂರಾ ಹನ್ನೆರಡು. ನೂರಾ ಹದಿಮೂರು. ಎಂಟನೆಯ ಏಟಿಗೆ ಮೇಡಂ "ಸಾಕು" ಅಂದರು. ನಾವು ನಿಂತಿದ್ದ ದಾರಿಯ ಕೆಳಗೇ, ಹನ್ನೊಂದು ಮನೆಗಳಿಗೆ ಸಮನಾಗಿ, ಗುಡ್ಡ ಹೋಳು ಹೋಳಾಗಿ ಸೀಳಿಕೊಂಡಿತ್ತು. ವ್ಯಾನನ್ನು ಸದ್ದು ಮಾಡದೆ ಹಿಂದಕ್ಕೆ ತೆಗೆಯಿರಿ ಎಂದು ಪಿಸುಗುಟ್ಟಿದರು. ನಾವೆಲ್ಲ ತುದಿಗಾಲಲ್ಲಿ ನಡೆದು ಗುಡ್ಡ ಇಳಿದೆವು.

ಓಣಿಯನ್ನು ಮುಚ್ಚಿದರು. ಎಷ್ಟು ದಿನ ಎಂದು ಕೇಳಿದವರಿಗೆ ತಿಂಗಳುಗಳೇ ಆಗಬಹುದು ಎಂಬ ಉತ್ತರ ಬಂತು. ಮಧ್ಯಾಹ್ನ ಹೋಗಿ ಅಂದವರು ಸಂಜೆ ಹೋಗಬೇಡಿ ಅಂದದ್ದು ಯಾಕೆ ಎಂದು ಜನಕ್ಕೆ ಯಾರೂ ಬಿಡಿಸಿ ಹೇಳಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಒಂದೇ: ಸುತ್ತಿಗೆಯ ಹೆಂಗಸು ದಾರಿಗೆ ಅಡ್ಡ ಕೂತಳು, ಮನೆಗಳು ಕೈತಪ್ಪಿದವು. ನಾದಿನಿ ಅಕ್ಕನ ಹತ್ತಿರ ಬಂದು, "ಇವತ್ತಿಗೆ ಮುಗೀತು ಅತ್ತಿಗೆ. ಇನ್ನು ನನ್ನ ಮನೆ ಹೊಸಿಲು ತುಳಿಯಬೇಡಿ" ಎಂದು ಹೇಳಿ ಗಾಡಿಯನ್ನು ತಿರುಗಿಸಿಕೊಂಡು ಹೋದಳು. ಮನೆಯೇ ಇಲ್ಲದವಳು ಯಾವ ಹೊಸಿಲಿನ ಮಾತಾಡಿದಳೋ. ಅಕ್ಕ ಮಾತ್ರ ಅದನ್ನು ಕಟ್ಟುನಿಟ್ಟಾಗಿ ಪಾಲಿಸಿದಳು.

ಹತ್ತು ದಿನದ ಮೇಲೆ ವರದಿ ಬಂತು. ಅದರಲ್ಲಿ ಒಂದು ಸಾಲು ಇತ್ತು: 'ಯಂತ್ರ ನಿರ್ವಾಹಕರ ಮರುಪರಿಶೀಲನೆಯಿಂದ ದಿಕ್ಕಿನ ದೋಷ ಪತ್ತೆಯಾಗಿ, ಸಂಭವನೀಯ ಅನಾಹುತ ತಪ್ಪಿತು.' ಯಂತ್ರ ನಿರ್ವಾಹಕ ಅಂದರೆ ನಾನು. ಕಚೇರಿಯಿಂದ ನನಗೊಂದು ಪ್ರಶಂಸಾಪತ್ರವೂ ಬಂತು. ತಪ್ಪಾಗಿದೆ, ತಿದ್ದಿ ಎಂದು ಹೇಳಬೇಕೆಂದು ಎರಡು ಸಲ ಮೇಡಂ ಕೋಣೆಯ ಬಾಗಿಲ ತನಕ ಹೋದೆ. ಎರಡು ಸಲವೂ ಬೇರೇನೋ ಕೇಳಿ ವಾಪಸು ಬಂದೆ. ಅಕ್ಕನ ಮನೆಗೂ ಹೋದೆ. ಅವಳು ಟೀ ಕೊಟ್ಟಳು, ಬಿಸ್ಕತ್ತು ಕೊಟ್ಟಳು. ಗಂಡ ವರದಿಯನ್ನು ಕನ್ನಡಕದ ಹತ್ತಿರ ಹಿಡಿದು ಎರಡು ಸಲ ಓದಿದ. "ತಪ್ಪು ಅಕ್ಷರ ಆದ್ರೆ ಹಿಡಿದುಬಿಡ್ತೀನಿ" ಅಂದ. "ಸರಿಯಾದ ಅಕ್ಷರ ತಪ್ಪು ಜಾಗದಲ್ಲಿ ಕೂತಿದ್ರೆ ಅದೇ ಕಷ್ಟ." ಅವನು ನನ್ನನ್ನು ನೋಡಿ ಹೇಳಲಿಲ್ಲ. ಟೀ ಮುಗಿಸಿ ನಾನು ಎದ್ದು ಬಂದೆ.

ನಾದಿನಿಗೆ ಬಾಡಿಗೆಯ ಒಂದೇ ಕೋಣೆಯಲ್ಲಿ ಬಾಣಂತನವಾಯಿತು. ಹೆಣ್ಣು ಮಗು. ಅಕ್ಕ ಹಳೆಯ ಹತ್ತಿ ಸೀರೆಗಳನ್ನು ಒಗೆದು ಮೆತ್ತಗೆ ಮಾಡಿ, ಹನ್ನೆರಡು ಬಟ್ಟೆ ಹೊಲಿದು ಗಂಡನ ಕೈಯಲ್ಲಿ ಕಳಿಸಿದಳು. ಬಟ್ಟೆಗಳು ಹಾಗೇ ವಾಪಸು ಬಂದವು. ಕೆಲಸದ ನಡುವೆ ಒಂದು ದಿನ ಅವಳು ಇದ್ದಕ್ಕಿದ್ದಂತೆ, "ಮಗು ಈಗ ಮಗ್ಗುಲಾಗ್ತಿರಬಹುದು, ಅಲ್ವಾ ಪೆಟ್ಟಿಗೆ?" ಎಂದು ಕೇಳಿದಳು. ನನಗೇನು ಗೊತ್ತು ಅಂದೆ. ಹಾಗೇ ಅಂದೆ, ಒರಟಾಗಿ.

ಗುಡ್ಡ ಬೀಳಲಿಲ್ಲ. ಬೀಳದಂತೆ ಮಾಡಿದರು. ಸೀಳುಗಳ ದಿಕ್ಕು ಗೊತ್ತಿದ್ದರಿಂದ ಅವುಗಳನ್ನು ಎದುರಿನಿಂದ ತೂರಿ ಹೋಗುವಂತೆ ಉದ್ದನೆಯ ಕೊಳವೆಗಳನ್ನು ಕೊರೆದು ಕೂರಿಸಿದರು. ಮೊದಲ ಕೊಳವೆಯಿಂದ ಕೆಂಪು ನೀರು ಒಂಬತ್ತು ದಿನ ನಿಲ್ಲದೆ ಸುರಿಯಿತು. ಅಷ್ಟು ನೀರು ಹನ್ನೊಂದು ಮನೆಗಳ ಬೆನ್ನಿಗೆ ಒತ್ತಿಕೊಂಡು ನಿಂತಿತ್ತು. ಆದರೆ ಅದನ್ನು ನೋಡಿದ್ದು ಕೊರೆಯುವವರು ಮತ್ತು ನಾವು. ಓಣಿಯವರು ನೋಡಿದ್ದು ಅಲುಗಾಡದೆ ನಿಂತ ಗುಡ್ಡವನ್ನು.

ಏಳು ತಿಂಗಳ ಮೇಲೆ ಓಣಿ ತೆರೆಯಿತು. ಕೊಳವೆಗಳ ಕೊನೆಯ ತಪಾಸಣೆಗೆಂದು ನಾವೂ ಅಲ್ಲಿದ್ದೆವು. ಮತ್ತೆ ಅದೇ ಕೈಗಾಡಿಗಳು. ಅಕ್ಕ ವ್ಯಾನಿನ ಮರೆಗೆ ಸರಿದು ನಿಂತಳು. ನಾದಿನಿ ಮಗುವನ್ನು ಎತ್ತಿಕೊಂಡು ನಡೆದು ಬಂದಳು. ಜೊತೆಗೆ ಬಂದ ಪಕ್ಕದ ಮನೆಯವಳು ಎಲ್ಲರಿಗೂ ಕೇಳುವಂತೆ, "ನೋಡ್ರೀ, ಏನಾಗಿದೆ ಈ ಗುಡ್ಡಕ್ಕೆ? ಒಂದು ಹಿಡಿ ಮಣ್ಣು ಉದುರಿಲ್ಲ. ಏಳು ತಿಂಗಳು ನಮ್ಮನ್ನ ಬೀದಿಪಾಲು ಮಾಡಿದಳಲ್ಲ ಆ ಸುತ್ತಿಗೆಯವಳು" ಅಂದಳು. ಅಕ್ಕ ಕೇಳಿಸಿಕೊಂಡಳು. ಕತ್ತು ಚಾಚಿ ಮಗುವಿನ ಕಾಲನ್ನಷ್ಟೇ ನೋಡುತ್ತಿದ್ದಳು, ಅವಳು ನಿಂತಲ್ಲಿಗೆ ಅಷ್ಟೇ ಕಾಣುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಧೈರ್ಯ ಬಂತು ಎಂದು ಹೇಳಲಾರೆ, ನಾಚಿಕೆಯೇ ನೂಕಿರಬೇಕು. ಓಣಿಯ ನಡುವೆ ಹೋಗಿ ನಿಂತೆ.

"ಆವತ್ತು ದಿಕ್ಕು ತಪ್ಪು ಬರೆದವನು ನಾನು" ಅಂದೆ. "ನಿಮ್ಮನ್ನ ಮನೆಗೆ ಹೋಗಿ ಅಂದದ್ದು ನನ್ನ ತಪ್ಪಿನಿಂದ. ಅದನ್ನ ಹಿಡಿದವಳು ಅಕ್ಕ. ಅವಳು ಹೇಳಿದ ಕೂಡಲೇ ನನಗೂ ಗೊತ್ತಾಯ್ತು, ಆದ್ರೂ ನಾನು ಸುಮ್ಮನಿದ್ದೆ. ಅವಳು ಕೂತಿರದಿದ್ರೆ ನೀವೆಲ್ಲ ಆ ರಾತ್ರಿ ಇಲ್ಲೇ ಮಲಗಿರ್ತಿದ್ರಿ. ಗುಡ್ಡದೊಳಗಿಂದ ಒಂಬತ್ತು ದಿನ ನೀರು ಬಂದಿದೆ, ಕೊರೆದವರನ್ನ ಕೇಳಿ."

ಪಕ್ಕದ ಮನೆಯವಳು ಬಾಯಿಗೆ ಸೆರಗು ಒತ್ತಿಕೊಂಡಳು. ನಾದಿನಿ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

"ಏಳು ತಿಂಗಳು ಎಲ್ಲಿ ಹೋಗಿತ್ತು ನಿಮ್ಮ ಬಾಯಿ?" ಅಂದಳು.



ಅವಳು ಉತ್ತರಕ್ಕೆ ಕಾಯಲಿಲ್ಲ. ನನ್ನನ್ನು ದಾಟಿಕೊಂಡು ವ್ಯಾನಿನ ಹತ್ತಿರ ಹೋದಳು. ಅಕ್ಕ ಜೇಡಿ ಮೆತ್ತಿದ ಕೈಗಳನ್ನು ಸೀರೆಗೆ ಗಸಗಸ ಉಜ್ಜಿಕೊಳ್ಳುತ್ತಿದ್ದಳು. "ಕೈ ಕೊಳೆ ಇದೆ ಮಗಾ" ಅಂದಳು. "ಇರಲಿ, ಹಿಡ್ಕೊಳ್ಳಿ ಅತ್ತಿಗೆ" ಎಂದು ನಾದಿನಿ ಮಗುವನ್ನು ಅವಳ ತೋಳಿಗೆ ಕೊಟ್ಟಳು. "ನಾನು ಬೀಗ ತೆಗೀಬೇಕು."